ಭೂಶಾಖದಿಂದ ವಿದ್ಯುತ್ತು, ಭೂಶಾಖದಿಂದ ಬೆಚ್ಚನೆಯ ಮನೆ: ಬುಗ್ಗೆಯ ಪರೀಕ್ಷೆಯಿಂದ ಸ್ಥಾವರದ ನಿರ್ವಹಣೆಯವರೆಗೆ

ನೆಲದೊಳಗಿನ ಶಾಖವನ್ನು ಬಳಸಿಕೊಳ್ಳುವ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು 'ಎಷ್ಟು ಮೆಗಾವಾಟ್ ವಿದ್ಯುತ್ತು ಸಿಗುತ್ತದೆ' ಎಂದು. ಅದಕ್ಕಿಂತ ಮೊದಲು ಉತ್ತರಿಸಬೇಕಾದ ಮೂರು ಪ್ರಶ್ನೆಗಳಿವೆ: ಕೆಳಗಿರುವ ನೀರು ಎಷ್ಟು ಬಿಸಿಯಾಗಿದೆ, ಸೆಕೆಂಡಿಗೆ ಎಷ್ಟು ಲೀಟರ್ ಮೇಲೆ ಬರುತ್ತದೆ, ಮತ್ತು ಆ ಬಿಸಿ ಅಲ್ಲೇ ಹತ್ತಿರದಲ್ಲಿ ಯಾರಿಗೆ ಬೇಕಾಗಿದೆ. ಈ ಮೂರರ ಉತ್ತರ ಕೈಯಲ್ಲಿದ್ದರೆ ವಿದ್ಯುತ್ ಸ್ಥಾವರ ಕಟ್ಟಬೇಕೋ, ಊರಿಗೆಲ್ಲ ಬಿಸಿನೀರಿನ ಕೊಳವೆ ಹಾಕಬೇಕೋ, ಎರಡನ್ನೂ ಮಾಡಬೇಕೋ ಎಂಬುದು ಲೆಕ್ಕದಿಂದಲೇ ತೀರ್ಮಾನವಾಗುತ್ತದೆ. ವಿದ್ಯುತ್ತು ಬೇಡವೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಆದರೆ ಬಿಸಿಯನ್ನು ಬಿಸಿಯಾಗಿಯೇ ಬಳಸಬಹುದಾದ ಕಡೆ ಅದನ್ನು ವಿದ್ಯುತ್ತಾಗಿಸಿ ಮತ್ತೆ ಹೀಟರಿನಲ್ಲಿ ಬಿಸಿಯಾಗಿಸುವುದು ಎಂತಹ ದುಂದು ಎಂಬುದನ್ನು ಮುಂದೆ ಅಂಕಿಗಳಲ್ಲೇ ನೋಡಲಿದ್ದೇವೆ.

ಹಿಮಾಲಯದ ಬಿಸಿನೀರಿನ ಬುಗ್ಗೆಗಳ ಸುತ್ತ ಯೋಜನೆ ರೂಪಿಸುವ ಎಂಜಿನಿಯರುಗಳಿಗೆ, ವಿಷಯವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ಮತ್ತು ಚಳಿಯ ದೇಶಗಳಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಉಪಯೋಗವಾಗುವಂತೆ ಹಂತಗಳನ್ನು ಜೋಡಿಸಲಾಗಿದೆ. ಮನೆಯ ಮಟ್ಟದ ವ್ಯವಸ್ಥೆಯಷ್ಟೇ ಬೇಕಾದವರು ನೇರವಾಗಿ ಏಳನೆಯ ಹಂತಕ್ಕೆ ಹೋಗಬಹುದು.

ಹಂತ 1: ಕಾಲ ಕೆಳಗಿನ ನೆಲ ಎಂತಹದು ಎಂದು ತಿಳಿಯುವುದು

ಭೂಮಿಯ ಒಳಕ್ಕೆ ಇಳಿದಂತೆಲ್ಲ ಸರಾಸರಿಯಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ತಾಪಮಾನ ಏರುತ್ತದೆ. ಆದರೆ ಈ ಸರಾಸರಿಯನ್ನು ನಂಬಿ ಯಾವ ಯೋಜನೆಯನ್ನೂ ಹಾಕಲಾಗದು. ಹಳೆಯ, ಗಟ್ಟಿಯಾದ ಶಿಲಾಫಲಕದ ಮೇಲೆ ಕುಳಿತಿರುವ ಕರ್ನಾಟಕದ ಬಹುಭಾಗದಲ್ಲಿ ಏರಿಕೆ ಇದಕ್ಕಿಂತ ತೀರ ಕಡಿಮೆ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು; ಅಷ್ಟು ಆಳದಲ್ಲಿ ಬಂಡೆಯ ತಾಪಮಾನ 60 ಡಿಗ್ರಿಯನ್ನು ದಾಟಿತ್ತು. ಗಣಿ ಕೆಲಸಗಾರರಿಗೆ ಅದು ನರಕದ ಸೆಕೆ, ಆದರೆ ವಿದ್ಯುತ್ತು ತೆಗೆಯಲು ಏನೇನೂ ಸಾಲದ ಬಿಸಿ. ಐಸ್‌ಲ್ಯಾಂಡಿನ ಜ್ವಾಲಾಮುಖಿ ವಲಯದಲ್ಲಾದರೋ ಎರಡು ಕಿಲೋಮೀಟರಿನೊಳಗೇ 200 ಡಿಗ್ರಿಗಿಂತ ಬಿಸಿಯಾದ ನೀರು ಸಿಗುತ್ತದೆ. 2009ರಲ್ಲಿ ಅಲ್ಲಿನ ಕ್ರಾಫ್ಲಾ ಎಂಬಲ್ಲಿ ಕೊರೆದ ಬಾವಿಯೊಂದು 2,100 ಮೀಟರ್ ಆಳದಲ್ಲಿ ಕರಗಿದ ಶಿಲಾರಸವನ್ನೇ ತಲುಪಿಬಿಟ್ಟಿತು.

ಬಿಸಿ ಒಂದೇ ಇದ್ದರೆ ಸಾಲದು. ಆ ಬಿಸಿಯನ್ನು ಹೊತ್ತು ತರಲು ನೀರಿರಬೇಕು, ನೀರು ಹರಿಯಲು ಬಂಡೆಯಲ್ಲಿ ಬಿರುಕುಗಳಿರಬೇಕು, ಮೇಲೆ ಬಿಸಿ ಹೊರಹೋಗದಂತೆ ತಡೆಯುವ ಜೇಡಿಯಂತಹ ಪದರವೊಂದಿದ್ದರೆ ಇನ್ನೂ ಒಳ್ಳೆಯದು. ಬಿಸಿನೀರಿನ ಬುಗ್ಗೆ ಇರುವಲ್ಲಿ ಇವುಗಳಲ್ಲಿ ಕೆಲವಾದರೂ ಕೂಡಿವೆ ಎಂದರ್ಥ. ಭಾರತದಲ್ಲಿ ಇಂತಹ ಬುಗ್ಗೆಗಳು ಮುನ್ನೂರಕ್ಕೂ ಹೆಚ್ಚಿವೆ. ಲಡಾಖಿನ ಪೂಗಾ ಮತ್ತು ಚುಮಾಥಂಗ್, ಹಿಮಾಚಲದ ಮಣಿಕರಣ್, ಛತ್ತೀಸಗಡದ ತತ್ತಾಪಾನಿ, ತೆಲಂಗಾಣದ ಮಣುಗೂರು ಸುತ್ತಿನ ಗೋದಾವರಿ ಕಣಿವೆ, ಗುಜರಾತಿನ ಖಂಭಾತ್ ಪ್ರದೇಶ ಮತ್ತು ಮಹಾರಾಷ್ಟ್ರದ ಕೊಂಕಣ ಕರಾವಳಿ ಇವುಗಳಲ್ಲಿ ಮುಖ್ಯವಾದವು. ನಮ್ಮಲ್ಲಿ ಪುತ್ತೂರಿನ ಬಳಿ, ಇರ್ದೆಯ ಬೆಂದ್ರು ತೀರ್ಥ ಒಂದಿದೆ. ಮೈಗೆ ಹಿತವಾಗುವಷ್ಟೇ ಬೆಚ್ಚಗಿರುವ ಆ ನೀರು ಸ್ನಾನಕ್ಕೆ ಸರಿ, ಸ್ಥಾವರಕ್ಕಲ್ಲ.

ಮುಂದಿನ ಹಂತಗಳಿಗೆಲ್ಲ ಪೂಗಾ ಕಣಿವೆಯನ್ನೂ ಐಸ್‌ಲ್ಯಾಂಡಿನ ರೇಕ್ಯಾವಿಕ್ ನಗರವನ್ನೂ ಎದುರಿಗಿಟ್ಟುಕೊಳ್ಳುವುದು ಸೂಕ್ತ. ಒಂದು ಭಾರತದ ಅತ್ಯಂತ ಆಶಾದಾಯಕ ತಾಣ. ಇನ್ನೊಂದು ಈ ಕೆಲಸವನ್ನು ಸುಮಾರು ನೂರು ವರ್ಷಗಳಿಂದ ಮಾಡಿಕೊಂಡು ಬಂದಿರುವ ಊರು.

ಹಂತ 2: ನೀರಿನ ಜಾತಕ ನೋಡುವುದು

ನಮ್ಮ ಕಡೆ ಬೋರ್ ಕೊರೆಸುವ ಮುನ್ನ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರಿದ್ದಾರೆ. ಭೂಶಾಖದ ಬಾವಿಗೆ ತಗಲುವ ಹಣ ಅದರ ನೂರಾರು ಪಟ್ಟು ಹೆಚ್ಚಾದ್ದರಿಂದ ಇಲ್ಲಿ ಪಾಯಿಂಟ್ ನೋಡುವ ಕೆಲಸವನ್ನು ರಸಾಯನಶಾಸ್ತ್ರಕ್ಕೆ ಒಪ್ಪಿಸಬೇಕು. ಬುಗ್ಗೆಯ ಬಾಯಲ್ಲಿ ಥರ್ಮಾಮೀಟರ್ ತೋರಿಸುವ ಅಂಕಿ ಕೆಳಗಿನ ಸತ್ಯವನ್ನು ಹೇಳುವುದಿಲ್ಲ. ಸುಮಾರು 4,400 ಮೀಟರ್ ಎತ್ತರದಲ್ಲಿರುವ ಪೂಗಾದಲ್ಲಿ ನೀರು 85 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆದ್ದರಿಂದ ಅಲ್ಲಿನ ಬುಗ್ಗೆಯ ನೀರು ಆ ಮಟ್ಟವನ್ನು ಮೀರಲಾರದು, ಕೆಳಗಿನ ಜಲಾಶಯ ಎಷ್ಟೇ ಬಿಸಿಯಿದ್ದರೂ.

ಬಿಸಿನೀರು ಬಂಡೆಯಿಂದ ಸಿಲಿಕಾವನ್ನು ಕರಗಿಸಿಕೊಳ್ಳುತ್ತದೆ, ಮತ್ತು ಬಿಸಿ ಹೆಚ್ಚಿದಷ್ಟೂ ಕರಗುವ ಪ್ರಮಾಣ ಹೆಚ್ಚುತ್ತದೆ. ಬೇಗನೆ ಮೇಲೆ ಬಂದ ನೀರು ತಣ್ಣಗಾದರೂ ಆ ಸಿಲಿಕಾವನ್ನು ಒಡನೆ ಬಿಟ್ಟುಕೊಡುವುದಿಲ್ಲವಾದ್ದರಿಂದ, ಅದನ್ನು ಅಳೆದು ಆಳದಲ್ಲಿ ನೀರು ಎಷ್ಟು ಬಿಸಿಯಿತ್ತೆಂದು ಅಂದಾಜು ಮಾಡಬಹುದು. ಲೆಕ್ಕದ ಕ್ರಮ ಹೀಗಿದೆ: ಲೀಟರಿಗೆ ಎಷ್ಟು ಮಿಲಿಗ್ರಾಂ ಸಿಲಿಕಾ ಇದೆ ಎಂಬುದರ ಲಾಗರಿದಮ್ (ಹತ್ತರ ಆಧಾರದ್ದು) ತೆಗೆದು ಅದನ್ನು 5.19ರಿಂದ ಕಳೆಯಬೇಕು, ಬಂದ ಉತ್ತರದಿಂದ 1309ನ್ನು ಭಾಗಿಸಬೇಕು, ಅದರಿಂದ 273 ಕಳೆದರೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾಪಮಾನ ದೊರೆಯುತ್ತದೆ. ಲೀಟರಿಗೆ 200 ಮಿಲಿಗ್ರಾಂ ಸಿಲಿಕಾ ಇರುವ ನೀರು ಆಳದಲ್ಲಿ ಸುಮಾರು 180 ಡಿಗ್ರಿ ಇದ್ದಿರಬೇಕು ಎಂದು ಇದರಿಂದ ತಿಳಿಯುತ್ತದೆ. ಮಾದರಿಯನ್ನು ತೆಗೆಯುವಾಗ ಅದು ತಣ್ಣೀರಿನೊಂದಿಗೆ ಬೆರೆಯದಂತೆ ನೋಡಿಕೊಳ್ಳಬೇಕು, ಶೋಧಿಸಿದ ಕೂಡಲೇ ಅಯಾನು ರಹಿತ ನೀರಿನಿಂದ ತೆಳುಗೊಳಿಸಿ ಸಿಲಿಕಾ ಗಟ್ಟಿಯಾಗದಂತೆ ಕಾಪಾಡಬೇಕು. ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಅನುಪಾತದಿಂದ ಮಾಡುವ ಇನ್ನೊಂದು ಅಂದಾಜನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಹೊಂದಿಕೆಯಾಗದಿದ್ದರೆ ನೀರು ದಾರಿಯಲ್ಲಿ ಬೆರಕೆಯಾಗಿದೆ ಎಂದೇ ಹೆಚ್ಚಿನ ಸಂದರ್ಭಗಳಲ್ಲಿ ತಿಳಿಯಬೇಕು.

ಇದಾದ ಮೇಲೆ ಭೂಭೌತ ಸಮೀಕ್ಷೆ. ಉಪ್ಪು ಕರಗಿದ ಬಿಸಿನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುವುದರಿಂದ, ನೆಲದ ವಿದ್ಯುತ್ ರೋಧವನ್ನು ಆಳದವರೆಗೆ ಅಳೆಯುವ ಮ್ಯಾಗ್ನೆಟೋಟೆಲ್ಯೂರಿಕ್ ವಿಧಾನವೇ ಈ ಕ್ಷೇತ್ರದಲ್ಲಿ ಹೆಚ್ಚು ನಂಬಿಕೆಗೆ ಪಾತ್ರವಾದದ್ದು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಪೂಗಾದಲ್ಲಿ ಇದನ್ನೇ ನಡೆಸಿ ಆಳದಲ್ಲಿ ರೋಧ ತೀರ ಕಡಿಮೆಯಿರುವ ಭಾಗವನ್ನು ಗುರುತಿಸಿತು. ಅದಕ್ಕೂ ಬಹಳ ಮೊದಲು, 1970ರ ದಶಕದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದೇ ಕಣಿವೆಯಲ್ಲಿ 400 ಮೀಟರಿಗಿಂತ ಕಡಿಮೆ ಆಳದ ಹಲವಾರು ಬಾವಿಗಳನ್ನು ಕೊರೆದು ನೂರು ಡಿಗ್ರಿಗಿಂತ ಹೆಚ್ಚು ಬಿಸಿಯನ್ನು ದಾಖಲಿಸಿತ್ತು. ಇಷ್ಟು ದಾಖಲೆಯಿದ್ದೂ ಅಲ್ಲಿ ಒಂದು ಮೆಗಾವಾಟ್ ಪ್ರಾಯೋಗಿಕ ಸ್ಥಾವರಕ್ಕೆ ಒಎನ್‌ಜಿಸಿ, ಲಡಾಖ್ ಆಡಳಿತ ಮತ್ತು ಲೇಹ್‌ನ ಸ್ವಾಯತ್ತ ಪರ್ವತಾಭಿವೃದ್ಧಿ ಮಂಡಳಿಗಳ ಒಪ್ಪಂದವಾಗಲು 2021ರವರೆಗೆ ಕಾಯಬೇಕಾಯಿತು.

ಹಂತ 3: ತಾಪಮಾನಕ್ಕೆ ತಕ್ಕ ಕೆಲಸ ಹಚ್ಚುವುದು

ಯಾವ ಬಿಸಿಗೆ ಯಾವ ಬಳಕೆ ಎಂಬುದನ್ನು ಒಂದೇ ಚಿತ್ರದಲ್ಲಿ ಜೋಡಿಸಿ ತೋರಿಸಿದವರು ಐಸ್‌ಲ್ಯಾಂಡಿನ ಎಂಜಿನಿಯರ್ ಬಾಲ್ದುರ್ ಲಿಂದಾಲ್. ಅದರ ಸಾರವನ್ನು ಹೀಗೆ ಹೇಳಬಹುದು. 180 ಡಿಗ್ರಿಗಿಂತ ಮೇಲಿದ್ದರೆ ಆವಿಯಿಂದಲೇ ಟರ್ಬೈನ್ ತಿರುಗಿಸಬಹುದು. 100ರಿಂದ 180ರ ನಡುವೆ ಬೇರೊಂದು ದ್ರವದ ನೆರವಿನಿಂದ ವಿದ್ಯುತ್ತು ತೆಗೆಯಬಹುದು. 60ರಿಂದ 100ರ ನಡುವಿನ ಬಿಸಿ, ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಾಗಿಸುವ ಮನೆಗಳ ರೇಡಿಯೇಟರಿಗೆ, ಏಪ್ರಿಕಾಟ್‌ನಂತಹ ಹಣ್ಣು ಒಣಗಿಸಲು ಮತ್ತು ಹಸಿರುಮನೆಗೆ ಹೇಳಿ ಮಾಡಿಸಿದಂತಿದೆ. 30ರಿಂದ 60ರ ನಡುವೆ ನೆಲಹಾಸಿನಡಿಯ ಕೊಳವೆ, ಮೀನು ಸಾಕಣೆ ಮತ್ತು ಸ್ನಾನ.

ಈಗ ಒಂದು ಲೆಕ್ಕ. ಒಂದು ಬಾವಿಯಿಂದ 120 ಡಿಗ್ರಿಯ ನೀರು ಸೆಕೆಂಡಿಗೆ 10 ಲೀಟರ್ ಬರುತ್ತಿದೆ ಎಂದುಕೊಳ್ಳೋಣ. ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾದರೆ 4.2 ಕಿಲೋಜೂಲ್ ಶಾಖ ಬಿಡುತ್ತದೆ. ಸ್ಥಾವರದಲ್ಲಿ ಈ ನೀರನ್ನು 70 ಡಿಗ್ರಿಗೆ ಇಳಿಸಿದರೆ 10 × 4.2 × 50, ಅಂದರೆ 2,100 ಕಿಲೋವಾಟ್ ಶಾಖ ಕೈಗೆ ಬಂತು. ಇಷ್ಟು ಕಡಿಮೆ ತಾಪಮಾನದಲ್ಲಿ ಅದರ ಹತ್ತರಲ್ಲೊಂದು ಭಾಗವಷ್ಟೇ ವಿದ್ಯುತ್ತಾಗುತ್ತದೆ, 210 ಕಿಲೋವಾಟ್. ಸ್ಥಾವರದ ಪಂಪು ಮತ್ತು ಫ್ಯಾನುಗಳೇ ಅದರ ಕಾಲು ಭಾಗದಷ್ಟನ್ನು ತಿಂದರೆ ಹೊರಗೆ ಕೊಡಲು ಉಳಿಯುವುದು ಸುಮಾರು 160 ಕಿಲೋವಾಟ್. ಲೇಹ್‌ನಂತಹ ಊರಿನಲ್ಲಿ ಚೆನ್ನಾಗಿ ಕಟ್ಟಿದ 150 ಚದರ ಮೀಟರಿನ ಮನೆಗೆ ಕಡುಚಳಿಯಲ್ಲಿ 9 ಕಿಲೋವಾಟ್ ಶಾಖ ಬೇಕೆಂದು ಹಿಡಿದರೆ, ಈ ವಿದ್ಯುತ್ತಿನಿಂದ ಹೀಟರ್ ಉರಿಸಿ ಬೆಚ್ಚಗಿಡಬಹುದಾದ ಮನೆಗಳು ಹದಿನೇಳೋ ಹದಿನೆಂಟೋ. ಆದರೆ ಸ್ಥಾವರದಿಂದ ಹೊರಬಿದ್ದ 70 ಡಿಗ್ರಿಯ ನೀರು ಇನ್ನೂ ನಮ್ಮ ಕೈಯಲ್ಲಿದೆ. ಅದನ್ನು ಕೊಳವೆಗಳ ಮೂಲಕ ಊರಿಗೆ ಹರಿಸಿ 40 ಡಿಗ್ರಿಗೆ ಇಳಿಸಿದರೆ 1,260 ಕಿಲೋವಾಟ್ ಶಾಖ ಸಿಗುತ್ತದೆ. ದಾರಿಯಲ್ಲಿ ಹತ್ತರಲ್ಲೊಂದು ಪಾಲು ಕಳೆದರೂ 125 ಮನೆಗಳು ಬೆಚ್ಚಗಿರುತ್ತವೆ, ಮತ್ತು ಆ 160 ಕಿಲೋವಾಟ್ ವಿದ್ಯುತ್ತು ದೀಪಕ್ಕೆ, ಪಂಪಿಗೆ ಹಾಗೆಯೇ ಉಳಿದಿರುತ್ತದೆ. ವರದಿಯ ಮೊದಲ ಪುಟದಲ್ಲೇ ಈ ಬಗೆಯ ಲೆಕ್ಕವಿಲ್ಲದ ಯೋಜನೆಯನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ಬಿಸಿನೀರನ್ನು ಬಹಳ ದೂರ ಸಾಗಿಸುವುದು ದುಬಾರಿ, ವಿದ್ಯುತ್ತನ್ನು ಸಾಗಿಸುವುದು ಅಗ್ಗ. ಆದ್ದರಿಂದ ಪೂಗಾದಂತೆ ಜನವಸತಿ ವಿರಳವಾಗಿರುವ ಕಣಿವೆಯಲ್ಲಿ ವಿದ್ಯುತ್ತಿಗೆ ಮೊದಲ ಸ್ಥಾನ ಕೊಡಬೇಕಾಗಬಹುದು. ಮಣಿಕರಣ್‌ನಂತೆ ಊರು, ಗುರುದ್ವಾರ, ವಸತಿಗೃಹಗಳೆಲ್ಲ ಬುಗ್ಗೆಯ ಮೇಲೆಯೇ ಕುಳಿತಿರುವಲ್ಲಿ ಬಿಸಿನೀರೇ ಮೊದಲಾಗಬೇಕು.

ಹಂತ 4: ಬಾವಿ ಕೊರೆಯುವುದು ಮತ್ತು ಪರೀಕ್ಷಿಸುವುದು

ಇಡೀ ಯೋಜನೆಯ ವೆಚ್ಚದಲ್ಲಿ ದೊಡ್ಡ ಪಾಲನ್ನು ನುಂಗುವುದೂ, ಎಲ್ಲಕ್ಕಿಂತ ಹೆಚ್ಚು ಅನಿಶ್ಚಿತವಾದದ್ದೂ ಇದೇ ಹಂತ. ಮೊದಲು ಕೆಲವು ನೂರು ಮೀಟರ್ ಆಳದ, ಕಿರಿದಾದ ಪರೀಕ್ಷಾ ಬಾವಿಗಳನ್ನು ಕೊರೆದು ಆಳಕ್ಕೆ ತಕ್ಕಂತೆ ತಾಪಮಾನ ಹೇಗೆ ಏರುತ್ತದೆ ಎಂದು ನೋಡಬೇಕು. ಏರಿಕೆ ಸತತವಾಗಿದ್ದು, ರಸಾಯನಶಾಸ್ತ್ರ ಹೇಳಿದ ಅಂಕಿಯ ಕಡೆಗೇ ಸಾಗುತ್ತಿದ್ದರೆ ಮಾತ್ರ ಒಂದೂವರೆಯಿಂದ ಮೂರು ಕಿಲೋಮೀಟರ್ ಆಳದ ಉತ್ಪಾದನಾ ಬಾವಿಗೆ ಕೈಹಾಕಬೇಕು. ಒಂದು ಆಳದ ನಂತರ ತಾಪಮಾನ ಏರುವುದು ನಿಂತು ಇಳಿಯತೊಡಗಿದರೆ, ಬಿಸಿನೀರು ಬೇರೆಲ್ಲಿಂದಲೋ ಅಡ್ಡಡ್ಡಲಾಗಿ ಹರಿದು ಬರುತ್ತಿದೆ ಎಂದು ತಿಳಿದು ಜಾಗ ಬದಲಿಸಬೇಕು.

ನೀರಿನ ಬೋರಿನಲ್ಲಿ ಮೇಲಿನ ಸಡಿಲ ಮಣ್ಣಿಗಷ್ಟೇ ಕೇಸಿಂಗ್ ಇಳಿಸುವ ರೂಢಿ ಇಲ್ಲಿ ನಡೆಯುವುದಿಲ್ಲ. ದಪ್ಪ ಉಕ್ಕಿನ ಕೇಸಿಂಗನ್ನು ಒಂದರೊಳಗೊಂದು ಎಂಬಂತೆ ಹಂತಹಂತವಾಗಿ ಇಳಿಸಿ, ಪ್ರತಿಯೊಂದರ ಹಿಂಬದಿಗೂ ಕೆಳಗಿನಿಂದ ಮೇಲಿನವರೆಗೆ ಶಾಖವನ್ನು ತಾಳಿಕೊಳ್ಳುವ ಸಿಮೆಂಟ್ ತುಂಬಬೇಕು. ಸಿಮೆಂಟಿನ ನಡುವೆ ನೀರು ಸಿಕ್ಕಿಕೊಂಡರೆ, ಬಾವಿ ಬಿಸಿಯಾದಾಗ ಆ ನೀರು ಹಿಗ್ಗಿ ಉಕ್ಕಿನ ಕೊಳವೆಯನ್ನೇ ಒಳಕ್ಕೆ ಅಮುಕಿಬಿಡುತ್ತದೆ. ಬಾವಿಯ ಬಾಯಿಗೆ ಒತ್ತಡ ತಡೆಯುವ ಕವಾಟಗಳನ್ನು ಕೊರೆಯುವ ಮೊದಲೇ ಕೂರಿಸಿರಬೇಕು, ಏಕೆಂದರೆ ಪೂಗಾದಂತಹ ತಾಣದಲ್ಲಿ ಕಡಿಮೆ ಆಳದಲ್ಲೇ ಆವಿ ನುಗ್ಗಿ ಬರಬಹುದು. ಹೊರಬರುವ ನೀರನ್ನು ಹಿಡಿದಿಡಲು ಪಾಲಿಥೀನ್ ಹಾಸಿದ ಹೊಂಡ ಸಿದ್ಧವಿರಬೇಕು. ಇಂತಹ ನೀರಿನಲ್ಲಿ ಬೋರಾನ್, ಆರ್ಸೆನಿಕ್‌ಗಳು ಇರುವ ಸಂಭವ ಹೆಚ್ಚಾದ್ದರಿಂದ ಅದು ಹಳ್ಳಕ್ಕೆ ಸೇರಿದರೆ ಕೆಳಗಿನ ಹುಲ್ಲುಗಾವಲೂ ಜಾನುವಾರೂ ತೊಂದರೆಗೆ ಒಳಗಾಗುತ್ತವೆ. ಪೂಗಾ ಇರುವ ಚಾಂಗ್‌ಥಂಗ್ ಪ್ರದೇಶ ಚಾಂಗ್ಪಾ ಪಶುಪಾಲಕರ ಮೇವಿನ ನೆಲ, ಕಪ್ಪುಕತ್ತಿನ ಕೊಕ್ಕರೆಯ ನೆಲೆ. ವನ್ಯಜೀವಿ ಮತ್ತು ಪರಿಸರ ಅನುಮತಿಗಳನ್ನು ರಿಗ್ ತರಿಸುವುದಕ್ಕೆ ಬಹಳ ಮೊದಲೇ ಪಡೆಯಬೇಕು.

ಬಾವಿ ಸಿದ್ಧವಾದ ಮೇಲೆ ಕೆಲವು ವಾರ, ಸಾಧ್ಯವಾದರೆ ಕೆಲವು ತಿಂಗಳು, ಅದನ್ನು ಬೇರೆ ಬೇರೆ ಹರಿವಿನಲ್ಲಿ ಓಡಿಸಿ ಒತ್ತಡ ಮತ್ತು ತಾಪಮಾನಗಳನ್ನು ದಾಖಲಿಸಬೇಕು. ಮೊದಲ ದಿನದ ಆವಿಯ ಅಬ್ಬರ ಫೋಟೋಗೆ ಚೆಂದ. ಯೋಜನೆಯ ಗಾತ್ರವನ್ನು ಗೊತ್ತುಮಾಡಬೇಕಾದದ್ದು ಒತ್ತಡ ಸ್ಥಿರವಾದ ಮೇಲಿನ ಹರಿವು.

ಹಂತ 5: ವಿದ್ಯುತ್ ಸ್ಥಾವರದ ಬಗೆಯನ್ನು ಆರಿಸುವುದು

ಬಾವಿಯಿಂದ ನೀರಿನ ಹನಿಯಿಲ್ಲದ ಒಣ ಆವಿಯೇ ಬಂದರೆ ಅದನ್ನು ನೇರವಾಗಿ ಟರ್ಬೈನಿಗೆ ಬಿಡಬಹುದು. ಇಟಲಿಯ ಲಾರ್ಡೆರೆಲ್ಲೋದಲ್ಲಿ 1904ರಲ್ಲಿ ಪಿಯೆರೋ ಜಿನೋರಿ ಕಾಂತಿ ಐದು ಬಲ್ಬುಗಳನ್ನು ಬೆಳಗಿಸಿದ್ದೂ, 1913ರಲ್ಲಿ 250 ಕಿಲೋವಾಟ್‌ಗಳ ಮೊದಲ ವಾಣಿಜ್ಯ ಸ್ಥಾವರ ಅಲ್ಲಿ ನಿಂತದ್ದೂ ಇಂತಹ ಆವಿಯಿಂದಲೇ. ಆದರೆ ಇದು ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಸಿಗುವ ಭಾಗ್ಯ.

ಹೆಚ್ಚಿನ ಬಿಸಿ ತಾಣಗಳಲ್ಲಿ ಒತ್ತಡದಲ್ಲಿರುವ ಬಿಸಿನೀರು ಸಿಗುತ್ತದೆ. ಅದು ಮೇಲೆ ಬಂದು ಒತ್ತಡ ಇಳಿದಾಗ, ಕುಕ್ಕರಿನ ವೆಯ್ಟ್ ಎತ್ತಿದಾಗ ಆಗುವಂತೆ, ಒಂದು ಭಾಗ ಥಟ್ಟನೆ ಆವಿಯಾಗುತ್ತದೆ. ಆವಿಯನ್ನು ಸೆಪರೇಟರಿನಲ್ಲಿ ಬೇರ್ಪಡಿಸಿ ಟರ್ಬೈನಿಗೂ, ಉಳಿದ ನೀರನ್ನು ಬಿಸಿನೀರಿನ ಜಾಲಕ್ಕೋ, ನೀರನ್ನು ನೆಲದೊಳಕ್ಕೆ ಹಿಂದಿರುಗಿಸುವ ಮರುತುಂಬುವ ಬಾವಿಗೋ ಕಳಿಸಲಾಗುತ್ತದೆ. 1958ರಲ್ಲಿ ನ್ಯೂಜಿಲೆಂಡಿನ ವೈರಾಕೆಯಲ್ಲಿ ಈ ವಿಧಾನ ದೊಡ್ಡ ಪ್ರಮಾಣದಲ್ಲಿ ಮೊದಲು ಜಾರಿಗೆ ಬಂತು. ಕೀನ್ಯಾದ ಒಲ್ಕಾರಿಯಾ ಸ್ಥಾವರಗಳೂ ಇದೇ ಬಗೆಯವು. ಆ ದೇಶ ತನ್ನ ವಿದ್ಯುತ್ತಿನ ಸುಮಾರು ಐದರಲ್ಲಿ ಎರಡು ಪಾಲನ್ನು ಭೂಶಾಖದಿಂದ ಪಡೆಯುತ್ತಿದೆ.

ಭಾರತದ ತಾಣಗಳಿಗೆ ಹೆಚ್ಚು ಹೊಂದುವುದು ಬೈನರಿ ಬಗೆಯ ಸ್ಥಾವರ. ಇಲ್ಲಿ ಬಾವಿಯ ನೀರು ಟರ್ಬೈನನ್ನು ಮುಟ್ಟುವುದೇ ಇಲ್ಲ. ಅದು ಹೀಟ್ ಎಕ್ಸ್‌ಚೇಂಜರಿನ (ಎರಡು ದ್ರವಗಳು ಬೆರೆಯದೆ ಶಾಖವಷ್ಟೇ ದಾಟುವ ಸಾಧನ) ಒಂದು ಬದಿಯಲ್ಲಿ ಹರಿದು, ಇನ್ನೊಂದು ಬದಿಯಲ್ಲಿರುವ ಐಸೊಪೆಂಟೇನ್ ಅಥವಾ ಐಸೊಬ್ಯೂಟೇನ್‌ನಂತಹ ಬೇಗ ಕುದಿಯುವ ದ್ರವವನ್ನು ಆವಿಯಾಗಿಸುತ್ತದೆ. ಟರ್ಬೈನ್ ತಿರುಗುವುದು ಆ ಆವಿಯಿಂದ. ಮಣಿಕರಣ್‌ನಲ್ಲಿ ಹಿಂದೆ ಪರೀಕ್ಷಿಸಿದ 5 ಕಿಲೋವಾಟ್ ಪ್ರಾಯೋಗಿಕ ಘಟಕ ಇದೇ ತತ್ವದ್ದು, ಅದನ್ನು ರೂಪಿಸಿದ್ದು ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್. ಅದರಲ್ಲಿ ಬಳಸಿದ ಆರ್-113 ಎಂಬ ದ್ರವ ಓಜೋನ್ ಪದರಕ್ಕೆ ಹಾನಿಕಾರಕವೆಂದು ಮುಂದೆ ಬಳಕೆಯಿಂದ ಹೊರಗಾಯಿತು. ಇಂದು ದ್ರವವನ್ನು ಆರಿಸುವಾಗ ಕುದಿಬಿಂದುವಿನ ಜೊತೆಗೆ ಬೆಂಕಿ ಹಿಡಿಯುವ ಗುಣ ಮತ್ತು ವಾತಾವರಣದ ಮೇಲಿನ ಪರಿಣಾಮಗಳನ್ನೂ ತೂಗಿ ನೋಡಬೇಕು.

ಬೈನರಿ ಸ್ಥಾವರದಲ್ಲಿ ಬಿಸಿಯ ಬದಿಯಷ್ಟೇ ತಂಪಿನ ಬದಿಯೂ ಮುಖ್ಯವೆಂಬುದನ್ನು ಹೊಸಬರು ಮರೆಯುತ್ತಾರೆ. ಅಲಾಸ್ಕಾದ ಚೇನಾದಲ್ಲಿ 2006ರಿಂದ ಕೇವಲ 74 ಡಿಗ್ರಿಯ ನೀರಿನಿಂದ ವಿದ್ಯುತ್ತು ಬರುತ್ತಿದೆ. ತಣ್ಣಗಾಗಿಸಲು ಅಲ್ಲಿ ಹಿಮದಂತಹ ನೀರು ಧಾರಾಳವಾಗಿ ಸಿಗುವುದೇ ಅದರ ಗುಟ್ಟು. ಅದೇ 74 ಡಿಗ್ರಿಯ ನೀರು ಕೊಂಕಣದ ಸೆಕೆಯಲ್ಲಿ ಸಿಕ್ಕರೆ ಆ ಸ್ಥಾವರ ಲಾಭಕ್ಕೆ ಬಾರದು. ಲಡಾಖಿನ ಚಳಿಗಾಳಿ ಈ ದೃಷ್ಟಿಯಿಂದ ವರವೇ ಸರಿ, ಆದರೆ ಆ ಎತ್ತರದ ತೆಳುಗಾಳಿ ಶಾಖವನ್ನು ಕಡಿಮೆ ಹೊರುವುದರಿಂದ ಕಂಡೆನ್ಸರ್ ಮತ್ತು ಫ್ಯಾನುಗಳನ್ನು ದೊಡ್ಡದಾಗಿಯೇ ಲೆಕ್ಕ ಹಾಕಬೇಕು.

ಹಂತ 6: ಊರಿಗೆ ಬಿಸಿನೀರಿನ ಜಾಲ ಕಟ್ಟುವುದು, ಬಾವಿಯನ್ನು ಕಾಪಾಡುವುದು

ರೇಕ್ಯಾವಿಕ್ ನಗರ 1930ರಲ್ಲಿ ಲೌಗರ್‌ದಾಲೂರ್ ಎಂಬಲ್ಲಿನ ಬುಗ್ಗೆಗಳಿಂದ ಸುಮಾರು ಮೂರು ಕಿಲೋಮೀಟರ್ ಕೊಳವೆ ಎಳೆದು ಒಂದು ಶಾಲೆಯನ್ನೂ ಕೆಲವು ಮನೆಗಳನ್ನೂ ಬೆಚ್ಚಗಾಗಿಸಿದ್ದರಿಂದ ಅಲ್ಲಿನ ಕಥೆ ಆರಂಭವಾಗುತ್ತದೆ. ಮೊದಲ ಸಂಪರ್ಕಗಳನ್ನು ಶಾಲೆ, ಆಸ್ಪತ್ರೆಗಳಂತಹ ದೊಡ್ಡ ಕಟ್ಟಡಗಳಿಗೆ ಕೊಟ್ಟು ಆಮೇಲೆ ಮನೆಗಳಿಗೆ ಹಬ್ಬಿಸುವ ಈ ಕ್ರಮ ಇಂದಿಗೂ ಅನುಕರಣೀಯ, ಏಕೆಂದರೆ ದೊಡ್ಡ ಗ್ರಾಹಕರಿದ್ದರೆ ಕೊಳವೆಯ ವೆಚ್ಚ ಬೇಗ ಹುಟ್ಟುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಐಸ್‌ಲ್ಯಾಂಡ್ ಉಳಿದ ಊರುಗಳನ್ನೂ ಭರದಿಂದ ಜೋಡಿಸಿತು. ಇಂದು ಆ ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಭೂಶಾಖದಿಂದಲೇ ಬೆಚ್ಚಗಿವೆ.

ಅಲ್ಲಿಂದ ಕಲಿಯಬೇಕಾದ ಒಂದು ಮುಖ್ಯ ಪಾಠ ನೀರಿನ ಆಯ್ಕೆಗೆ ಸಂಬಂಧಿಸಿದ್ದು. ಕಡಿಮೆ ಬಿಸಿಯ ತಾಣಗಳ ಶುದ್ಧ ನೀರನ್ನು ಅವರು ನೇರವಾಗಿ ಮನೆಗಳಿಗೆ ಬಿಡುತ್ತಾರೆ. ನೆಸ್ಯಾವೆಟ್ಲಿರ್‌ನಂತಹ ಹೆಚ್ಚು ಬಿಸಿಯ ತಾಣದಲ್ಲಾದರೆ ಬಾವಿಯ ನೀರಿನಲ್ಲಿ ಖನಿಜಾಂಶ ಅತಿಯಾಗಿರುವುದರಿಂದ, ತಣ್ಣನೆಯ ಅಂತರ್ಜಲವನ್ನು ಅದರ ಶಾಖದಿಂದ ಕಾಯಿಸಿ, ಕರಗಿರುವ ಆಮ್ಲಜನಕವನ್ನು ತೆಗೆದು, ಆ ನೀರನ್ನು 27 ಕಿಲೋಮೀಟರ್ ದೂರದ ನಗರಕ್ಕೆ ಕಳಿಸುತ್ತಾರೆ. ಶಾಖನಿರೋಧಕ ಹೊದಿಕೆ ಎಷ್ಟು ಚೆನ್ನಾಗಿದೆ ಎಂದರೆ ಅಷ್ಟು ದೂರದಲ್ಲಿ ನೀರು ಕಳೆದುಕೊಳ್ಳುವುದು ಒಂದೆರಡು ಡಿಗ್ರಿ ಮಾತ್ರ. ಮನೆಗಳಿಂದ ಹೊರಬೀಳುವ, ಸುಮಾರು 35 ಡಿಗ್ರಿಯ ನೀರನ್ನು ಕಾಲುದಾರಿಗಳ ಕೆಳಗೆ ಹರಿಸಿ ಹಿಮ ಕರಗಿಸುವುದು ಅಲ್ಲಿನ ಜಾಣತನ.

ನಮ್ಮ ಲೆಕ್ಕದ 10 ಲೀಟರ್ ಹರಿವಿಗೆ 100 ಮಿಲಿಮೀಟರ್ ಒಳವ್ಯಾಸದ ಕೊಳವೆ ಸಾಕು. ಆಗ ನೀರಿನ ವೇಗ ಸೆಕೆಂಡಿಗೆ ಸುಮಾರು 1.3 ಮೀಟರ್ ಇರುತ್ತದೆ. ಉಕ್ಕಿನ ಕೊಳವೆಯ ಸುತ್ತ ಪಾಲಿಯುರೆಥೇನ್ ಫೋಮ್, ಅದರ ಮೇಲೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಇರುವ ಸಿದ್ಧ ಕೊಳವೆಗಳನ್ನು ಹಿಮಗಟ್ಟುವ ಆಳಕ್ಕಿಂತ ಕೆಳಗೆ ಹೂಳಬೇಕು. ಉಕ್ಕು ಬಿಸಿಗೆ ಹಿಗ್ಗುತ್ತದೆ: ನೂರು ಮೀಟರ್ ಕೊಳವೆ 70 ಡಿಗ್ರಿ ಬಿಸಿಯೇರಿದರೆ 8 ಸೆಂಟಿಮೀಟರಿನಷ್ಟು ಉದ್ದವಾಗುತ್ತದೆ. ಅದಕ್ಕೆ ಜಾಗ ಕೊಡುವ ಬಾಗುಗಳನ್ನೋ, ಹಿಗ್ಗಿ ಕುಗ್ಗುವ ಬೆಲ್ಲೋ ಜೋಡಣೆಗಳನ್ನೋ ಇಡದಿದ್ದರೆ ಬೆಸುಗೆ ಬಿರಿಯುತ್ತದೆ. ಮನೆಯೊಳಗೆ ಹಳೆಯ, ಚಿಕ್ಕ ರೇಡಿಯೇಟರುಗಳಿದ್ದರೆ ಅವನ್ನು ಬದಲಿಸಿ ದೊಡ್ಡದನ್ನು ಹಾಕಿಸಬೇಕು. ನೀರು 40 ಡಿಗ್ರಿಗೆ ಇಳಿದು ಹೊರಬಂದರೆ ಮಾತ್ರ ಮೇಲಿನ ಲೆಕ್ಕ ನಿಲ್ಲುತ್ತದೆ, 55ಕ್ಕೇ ಹೊರಬಂದರೆ ಬೆಚ್ಚಗಾಗುವ ಮನೆಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ವಿದ್ಯುತ್ ಕೈಕೊಟ್ಟಾಗ ಕೊಳವೆಯ ನೀರು ಹೆಪ್ಪುಗಟ್ಟದಂತೆ ಖಾಲಿ ಮಾಡುವ ವ್ಯವಸ್ಥೆ ಲಡಾಖಿನಲ್ಲಿ ಕಡ್ಡಾಯ. ಮೊದಲ ಒಂದೆರಡು ಚಳಿಗಾಲಗಳಲ್ಲಿ ಮನೆಯ ಬುಖಾರಿ ಒಲೆಯನ್ನು ತೆಗೆದುಹಾಕದಿರುವುದೇ ಕ್ಷೇಮ.

ಬಳಸಿದ ನೀರನ್ನು ಮತ್ತೆ ನೆಲದೊಳಗೆ ತುಂಬುವುದನ್ನು ಮೊದಲ ದಿನದಿಂದಲೇ ಮಾಡಬೇಕು. ಕ್ಯಾಲಿಫೋರ್ನಿಯಾದ ಗೀಸರ್ಸ್ ಕ್ಷೇತ್ರದಲ್ಲಿ ಸ್ಥಾವರಗಳು ಒಂದರ ಹಿಂದೊಂದರಂತೆ ಎದ್ದು, ಆವಿಯನ್ನು ಎಳೆದಷ್ಟು ನೀರು ಹಿಂದಿರುಗದೆ, 1980ರ ದಶಕದ ಕೊನೆಗೆ ಉತ್ಪಾದನೆ ಕುಸಿಯಿತು. ಆಮೇಲೆ 1997ರಲ್ಲಿ ಲೇಕ್ ಕೌಂಟಿಯಿಂದಲೂ 2003ರಲ್ಲಿ ಸಾಂಟಾ ರೋಸಾ ನಗರದಿಂದಲೂ ಸಂಸ್ಕರಿಸಿದ ಚರಂಡಿ ನೀರನ್ನು ಕೊಳವೆಯಲ್ಲಿ ತಂದು ಬಾವಿಗಳಿಗೆ ತುಂಬಿಸಿ ಅದನ್ನು ಉಳಿಸಿಕೊಳ್ಳಬೇಕಾಯಿತು. ಮರುತುಂಬುವ ಬಾವಿ ಉತ್ಪಾದನಾ ಬಾವಿಗೆ ತೀರ ಹತ್ತಿರವಿದ್ದರೆ ತಣ್ಣೀರು ಬಿರುಕಿನಗುಂಟ ನುಗ್ಗಿ ಬಿಸಿಯನ್ನೇ ಕೆಡಿಸುತ್ತದೆ. ಬಣ್ಣದ ಟ್ರೇಸರ್ ಬಿಟ್ಟು ಅದು ಎಷ್ಟು ದಿನಕ್ಕೆ ಇನ್ನೊಂದು ಬಾವಿಯಲ್ಲಿ ಕಾಣಿಸುತ್ತದೆ ಎಂದು ಪರೀಕ್ಷಿಸಿಯೇ ಅಂತರವನ್ನು ಗೊತ್ತುಮಾಡಬೇಕು. ಅತಿಯಾದ ಒತ್ತಡದಲ್ಲಿ ನೀರು ತುಂಬುವುದೂ ಅಪಾಯ. ಬಿರುಕಿಲ್ಲದ ಬಂಡೆಯನ್ನು ಒತ್ತಡದಿಂದ ಬಿರಿಯಿಸುವ ಯೋಜನೆಗಳಲ್ಲಿ 2006ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 3.4 ತೀವ್ರತೆಯ ಕಂಪನವಾಗಿ ಕೆಲಸವೇ ನಿಂತಿತು. 2017ರಲ್ಲಿ ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ 5.4 ತೀವ್ರತೆಯ ಭೂಕಂಪವಾಗಿ ಜನ ಗಾಯಗೊಂಡರು. ಹಿಮಾಲಯದಂತಹ ಭೂಕಂಪ ವಲಯದಲ್ಲಿ ಆ ಮಾರ್ಗವನ್ನು ಹಿಡಿಯುವುದು ವಿವೇಕವಲ್ಲ.

ನೀರು ಕುದಿಯುವಲ್ಲಿ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ, ತಣ್ಣಗಾಗುವಲ್ಲಿ ಸಿಲಿಕಾ ಕೊಳವೆಗೆ ಕಟ್ಟಿಕೊಳ್ಳುತ್ತದೆ. ಮೊದಲನೆಯದನ್ನು ಬಾವಿಯ ಒತ್ತಡ ಇಳಿಯದಂತೆ ಆಳದಲ್ಲಿ ಪಂಪ್ ಇಟ್ಟೋ, ಸಣ್ಣ ಪ್ರಮಾಣದ ಪ್ರತಿಬಂಧಕ ರಾಸಾಯನಿಕ ಬಿಟ್ಟೋ ತಡೆಯಬಹುದು. ಎರಡನೆಯದಕ್ಕೆ ನೀರನ್ನು ಒಂದು ಮಿತಿಗಿಂತ ಕೆಳಗೆ ತಣಿಸದಿರುವುದೇ ಸುಲಭ ಉಪಾಯ. ಬಾವಿಯಿಂದ ಬರುವ ಹೈಡ್ರೊಜನ್ ಸಲ್ಫೈಡ್ ಅನಿಲದ ಕೊಳೆತ ಮೊಟ್ಟೆಯ ನಾತವನ್ನು ಮೂಗು ಬೇಗನೆ ಒಗ್ಗಿಸಿಕೊಂಡುಬಿಡುವುದರಿಂದ ಅನಿಲ ಅಳೆಯುವ ಉಪಕರಣವಿಲ್ಲದೆ ತಗ್ಗು ಜಾಗಗಳಲ್ಲಿ ಕೆಲಸ ಮಾಡಿಸಕೂಡದು. ಐಸ್‌ಲ್ಯಾಂಡಿನ ಹೆಲ್ಲಿಷೆಯ್ದಿ ಸ್ಥಾವರದಲ್ಲಿ ಈ ಅನಿಲವನ್ನೂ ಇಂಗಾಲದ ಡೈಆಕ್ಸೈಡನ್ನೂ ನೀರಿನಲ್ಲಿ ಕರಗಿಸಿ ಬಸಾಲ್ಟ್ ಬಂಡೆಯೊಳಗೆ ಇಳಿಸಲಾಗುತ್ತಿದೆ. 2012ರಲ್ಲಿ ಆರಂಭವಾದ ಆ ಪ್ರಯೋಗದಲ್ಲಿ ಇಂಗಾಲದ ಬಹುಪಾಲು ಎರಡು ವರ್ಷಗಳೊಳಗೆ ಕಲ್ಲಾಗಿ ಮಾರ್ಪಟ್ಟಿತ್ತು.

ಹಂತ 7: ಒಂದೇ ಮನೆಗಾಗಿ ನೆಲದ ಹೀಟ್ ಪಂಪ್

ಸ್ವೀಡನ್, ಜರ್ಮನಿ, ಕೆನಡಾ ಅಥವಾ ಅಮೆರಿಕದ ಉತ್ತರ ರಾಜ್ಯಗಳಲ್ಲಿ ಮನೆ ಇರುವವರಿಗೆ ಬುಗ್ಗೆಯ ಹಂಗಿಲ್ಲ. ಹತ್ತಿಪ್ಪತ್ತು ಮೀಟರ್ ಆಳದಲ್ಲಿ ನೆಲದ ತಾಪಮಾನ ವರ್ಷವಿಡೀ ಆ ಊರಿನ ಸರಾಸರಿ ತಾಪಮಾನದ ಆಸುಪಾಸಿನಲ್ಲೇ ಇರುತ್ತದೆ. ಫ್ರಿಜ್ ಕೆಲಸ ಮಾಡುವ ತತ್ವದಲ್ಲೇ ಹೀಟ್ ಪಂಪ್ ಆ ಮಂದ ಬಿಸಿಯನ್ನು ಹೀರಿ ಮನೆಗೆ ಬೇಕಾದ ಮಟ್ಟಕ್ಕೆ ಏರಿಸುತ್ತದೆ.

ಮೊದಲು ಮನೆಯ ಶಾಖದ ಅಗತ್ಯವನ್ನು ಲೆಕ್ಕ ಹಾಕಿಸಿ, ಕಿಟಕಿ ಮತ್ತು ಅಟ್ಟದ ಸೋರಿಕೆಗಳನ್ನು ಮುಚ್ಚಿಸಬೇಕು. ಸೋರುವ ಮನೆಗೆ ದೊಡ್ಡ ಯಂತ್ರ ತರುವುದಕ್ಕಿಂತ ಇದು ಅಗ್ಗ. ಅಗತ್ಯ 9 ಕಿಲೋವಾಟ್ ಎಂದೂ, ಯಂತ್ರ ಒಂದು ಪಾಲು ವಿದ್ಯುತ್ತಿಗೆ ನಾಲ್ಕು ಪಾಲು ಶಾಖ ಕೊಡುತ್ತದೆಂದೂ ಇಟ್ಟುಕೊಂಡರೆ, 2.25 ಕಿಲೋವಾಟ್ ವಿದ್ಯುತ್ತಿನಿಂದಲೂ 6.75 ಕಿಲೋವಾಟ್ ನೆಲದಿಂದಲೂ ಬರಬೇಕು. ಸಾಮಾನ್ಯ ಬಂಡೆಯಲ್ಲಿ ಬಾವಿಯ ಪ್ರತಿ ಮೀಟರಿಗೆ 50 ವಾಟ್ ತೆಗೆಯಬಹುದೆಂಬ ಒರಟು ಅಂದಾಜಿನಂತೆ 135 ಮೀಟರ್ ಆಳದ ಒಂದು ಬಾವಿ, ಅಥವಾ ಕನಿಷ್ಠ ಆರು ಮೀಟರ್ ಅಂತರದಲ್ಲಿ ಸುಮಾರು 70 ಮೀಟರಿನ ಎರಡು ಬಾವಿಗಳು ಬೇಕಾಗುತ್ತವೆ. ಒಣ ಮರಳಿನಲ್ಲಿ ಈ ಅಂಕಿ ಅರ್ಧಕ್ಕೂ ಇಳಿಯಬಹುದು. ಹಲವು ಮನೆಗಳ ಸಮುಚ್ಚಯವಾದರೆ ಒಂದು ಬಾವಿಯಲ್ಲಿ ಎರಡು ದಿನ ಬಿಸಿನೀರು ಸುತ್ತಿಸಿ ನೆಲದ ಶಾಖವಾಹಕತೆಯನ್ನು ಅಳೆಸಿಕೊಳ್ಳುವುದು ಉಚಿತ.

ಬಾವಿಯೊಳಗೆ ಯು ಆಕಾರದ ಎಚ್‌ಡಿಪಿಇ ಕೊಳವೆ ಇಳಿಸಿ, ಸುತ್ತ ಶಾಖ ಹರಿಯಬಿಡುವ ಬೆಂಟೊನೈಟ್ ಜೇಡಿಯ ಗಾರೆಯನ್ನು (ಗ್ರೌಟ್) ತುಂಬುತ್ತಾರೆ; ಗಟ್ಟಿ ಬಂಡೆಯ ಸ್ವೀಡನ್ನಿನಲ್ಲಿ ಸಾಮಾನ್ಯವಾಗಿ ಗ್ರೌಟ್ ಹಾಕದೆ ಅಂತರ್ಜಲವನ್ನೇ ತುಂಬಿಕೊಳ್ಳಲು ಬಿಡುತ್ತಾರೆ. ನೆಲದೊಳಗೆ ಯಾವ ಯಾಂತ್ರಿಕ ಜೋಡಣೆಯೂ ಇರದಂತೆ ಕೊಳವೆಯನ್ನು ಶಾಖದಿಂದ ಬೆಸೆದಿರಬೇಕು, ಮತ್ತು ಮುಚ್ಚುವ ಮೊದಲು ಒತ್ತಡ ಪರೀಕ್ಷೆ ನಡೆಸಿ ಅದರ ಬರಹದ ದಾಖಲೆ ಪಡೆಯಬೇಕು. ವಿಶಾಲವಾದ ಹಿತ್ತಲಿದ್ದರೆ ಬಾವಿಯ ಬದಲು ಒಂದೂವರೆ ಮೀಟರ್ ಆಳದ ಕಂದಕಗಳಲ್ಲಿ ಕೊಳವೆ ಹಾಸಬಹುದು. ಮನೆಯ ವಿಸ್ತೀರ್ಣದ ಸುಮಾರು ಎರಡರಷ್ಟು ಜಾಗ ಅದಕ್ಕೆ ಬೇಕು, ಮತ್ತು ಅದರ ಮೇಲೆ ಮುಂದೆಂದೂ ಕಟ್ಟಡ ಕಟ್ಟುವಂತಿಲ್ಲ. ಮನೆಯೊಳಗೆ ನೆಲಹಾಸಿನಡಿಯ ಕೊಳವೆಗೆ 35 ಡಿಗ್ರಿಯ ನೀರು ಸಾಕಾಗುವುದರಿಂದ ಯಂತ್ರ ಕಡಿಮೆ ವಿದ್ಯುತ್ತಿನಲ್ಲಿ ಓಡುತ್ತದೆ. ರೇಡಿಯೇಟರಿಗೆ 55 ಡಿಗ್ರಿ ಬೇಕಾದರೆ ಬಿಲ್ಲು ಏರುತ್ತದೆ.

ಇದೇ ಯಂತ್ರವನ್ನು ತಿರುಗಿಸಿ ಬೇಸಿಗೆಯಲ್ಲಿ ಮನೆಯನ್ನು ತಂಪು ಮಾಡಬಹುದಾದ್ದರಿಂದ ಕರ್ನಾಟಕದಲ್ಲೂ ಆಸಕ್ತಿ ತೋರುವವರಿದ್ದಾರೆ, ಮತ್ತು ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಭೂಶಾಖ ಶಕ್ತಿ ನೀತಿ ಇಂತಹ ಹೀಟ್ ಪಂಪುಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಬೆಂಗಳೂರಿನ ಹಿತವಾದ ಹವೆಯಲ್ಲಿ ಒಂಟಿ ಮನೆಗೆ ಇದರ ವೆಚ್ಚ ಹುಟ್ಟುವುದು ಕಷ್ಟ. ಬೇಸಿಗೆಯಲ್ಲಿ ಗಾಳಿ 40 ಡಿಗ್ರಿಯನ್ನು ದಾಟುವ ಕಲಬುರಗಿ, ರಾಯಚೂರುಗಳಲ್ಲಿ, ಹಗಲಿಡೀ ಎ.ಸಿ. ಓಡುವ ಆಸ್ಪತ್ರೆ ಅಥವಾ ಕಚೇರಿ ಕಟ್ಟಡವಾದರೆ ಲೆಕ್ಕ ಹಾಕಿ ನೋಡಬಹುದು. ಆಗಲೂ ಒಂದು ತೊಡಕಿದೆ: ವರ್ಷವಿಡೀ ಬಿಸಿಯನ್ನು ನೆಲಕ್ಕೆ ತಳ್ಳುತ್ತಲೇ ಇದ್ದು, ಚಳಿಗಾಲದಲ್ಲಿ ಹಿಂತೆಗೆಯದಿದ್ದರೆ, ಬಾವಿಗಳ ಸುತ್ತಲಿನ ಬಂಡೆ ಕೆಲವು ವರ್ಷಗಳಲ್ಲಿ ಬೆಚ್ಚಗಾಗಿ ಯಂತ್ರದ ದಕ್ಷತೆ ಇಳಿಯುತ್ತದೆ. ಆಸ್ಪತ್ರೆಯ ಸ್ನಾನಕ್ಕೆ ಮತ್ತು ಬಟ್ಟೆ ಒಗೆಯಲು ಬೇಕಾದ ಬಿಸಿನೀರನ್ನು ಅದೇ ಯಂತ್ರದಿಂದ ಪಡೆದು ಆ ಹೊರೆಯನ್ನು ತಗ್ಗಿಸಬಹುದು. ಉಳಿದದ್ದಕ್ಕೆ ರಾತ್ರಿಯಲ್ಲಿ ಓಡುವ ಸಣ್ಣ ಕೂಲಿಂಗ್ ಟವರ್ ಇಡಬೇಕು. ಕುಡಿಯುವ ನೀರಿನ ಬತ್ತಿದ ಬೋರುಗಳನ್ನು ಈ ಕೆಲಸಕ್ಕೆ ಬಳಸಬಹುದೇ ಎಂದು ಕೇಳುವವರಿಗೆ ಹೇಳಬೇಕಾದದ್ದಿಷ್ಟು: ಒಣಗಿದ ಬಾವಿಯಲ್ಲಿ ಕೊಳವೆ ಮತ್ತು ಬಂಡೆಯ ನಡುವೆ ಗಾಳಿ ನಿಂತರೆ ಶಾಖ ಹರಿಯುವುದಿಲ್ಲ, ಆದ್ದರಿಂದ ಪೂರ್ತಿ ಗ್ರೌಟ್ ತುಂಬಿಸದೆ ಅಂತಹ ಬಾವಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.